ಲೇಸರ್ ಕಿರಣ ಮತ್ತು ಕುರಿಹಟ್ಟಿಯ ನಾಯಿ

ಕಳೆದ ಬೇಸಿಗೆಯಲ್ಲಿ ಎರಡು ನಾಯಿಗಳ ಶಸ್ತ್ರಚಿಕಿತ್ಸೆಯ ವಿಚಾರ ಒಂದೇ ತಿಂಗಳಿನಲ್ಲಿ ನನ್ನ ಮುಂದೆ ಬಂದಿತು. ಮೊದಲನೆಯದು ಬೆಂಗಳೂರಿನಲ್ಲಿರುವ ಮಗಳ ಮನೆಯ ಪಗ್ ತಳಿಯ ನಾಯಿ. ಬಿಸಿಲು ಏರಿದಂತೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಗಂಟಲಿನ ಹಿಂಭಾಗದ ಮೃದು ಅಂಗುಳು ಉದ್ದವಾಗಿದ್ದು ಶ್ವಾಸಮಾರ್ಗಕ್ಕೆ ಅಡ್ಡವಾಗುತ್ತಿದೆ ಎಂದು ವೈದ್ಯರು ಹೇಳಿದರು. ಅದನ್ನು ಸಾಮಾನ್ಯ ಶಸ್ತ್ರದಿಂದ ಕತ್ತರಿಸಬಹುದು, ಲೇಸರ್ ಕಿರಣದಿಂದಲೂ ಕತ್ತರಿಸಬಹುದು, ಎರಡನೆಯದಕ್ಕೆ ವೆಚ್ಚ ಹೆಚ್ಚು ಎಂದು ವಿವರಿಸಿ ಆಯ್ಕೆಯನ್ನು ಮಗಳಿಗೇ ಬಿಟ್ಟರು. ಅವಳು ಲೇಸರನ್ನೇ ಆರಿಸಿದಳು. ನಾಯಿ ಮರುದಿನ ಮನೆಗೆ ಬಂದಿತು, ವಾರದೊಳಗೆ ಚೇತರಿಸಿಕೊಂಡಿತು.

ಎರಡನೆಯ ನಾಯಿಗೆ ತಳಿಯ ಹೆಸರಿಲ್ಲ. ವಿಜಯನಗರ ಜಿಲ್ಲೆಯಲ್ಲಿರುವ ನಮ್ಮ ಪೂರ್ವಿಕರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಬಂದಿದ್ದ ಕುರಿಗಾರರ ನಾಯಿ ಅದು. ರಾತ್ರಿ ಕಾಡುಹಂದಿಯನ್ನು ಎದುರಿಸಿ ಪಕ್ಕೆ ಸೀಳಿಸಿಕೊಂಡಿತ್ತು. ಬೆಳಿಗ್ಗೆ ಅದನ್ನು ಕಂಬಳಿಯಲ್ಲಿ ಸುತ್ತಿ ದ್ವಿಚಕ್ರ ವಾಹನದಲ್ಲಿ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಕೊಂಡೊಯ್ದರು. ಅಲ್ಲಿನ ವೈದ್ಯರಿಗೆ ಇನ್ನೊಂದು ಆಸ್ಪತ್ರೆಯ ಪ್ರಭಾರವೂ ಇತ್ತು. ಅಂದು ಅವರು ಲಸಿಕೆ ಹಾಕಲು ಹಳ್ಳಿಗಳಿಗೆ ಹೋಗಿದ್ದರು. ಸಂಜೆ ಮರಳಿದವರು ಲಭ್ಯವಿದ್ದ ಔಷಧಿಯಲ್ಲಿಯೇ ನೋವು ಮರಗಟ್ಟಿಸಿ ಹೊಲಿಗೆ ಹಾಕಿದರು. ಗಾಯ ಎದೆಗೂಡಿನವರೆಗೆ ಹೋಗಿದೆ, ಪೂರ್ಣ ಅರಿವಳಿಕೆ ಕೊಟ್ಟು ತೆರೆದು ನೋಡಬೇಕು, ಗದಗಕ್ಕೋ ಶಿವಮೊಗ್ಗಕ್ಕೋ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ ಎಂದರು. ನೂರಕ್ಕೂ ಹೆಚ್ಚು ಕುರಿಗಳನ್ನು ಬಿಟ್ಟು ಹೋಗುವುದು ಕುರಿಗಾರನಿಗೆ ಸಾಧ್ಯವಿರಲಿಲ್ಲ. ನಾಲ್ಕನೆಯ ದಿನ ನಾಯಿ ಸತ್ತಿತು. ಅದನ್ನು ನಮ್ಮ ಹೊಲದ ಬದುವಿನಲ್ಲಿಯೇ ಹೂಳಿದರು.

ಯಾವ ಊರಿನ ಚಿಕಿತ್ಸಾಲಯ ಎಂದು ನಾನು ಬರೆಯುವುದಿಲ್ಲ. ಆ ವೈದ್ಯರು ತಮ್ಮ ಕೈಲಾದುದನ್ನು ಮಾಡಿದರು. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ. ಸಾಕುಪ್ರಾಣಿಗಳಿಗೆ ಲೇಸರ್ ಶಸ್ತ್ರಚಿಕಿತ್ಸೆ ಒಂದು ‘ಆಯ್ಕೆ’ ಎಂದು ಇಂದು ಹೇಳುತ್ತಿದ್ದೇವೆ. ಆಯ್ಕೆ ಎಂಬ ಪದಕ್ಕೆ ಅರ್ಥ ಬರಬೇಕಾದರೆ ಕನಿಷ್ಠ ಎರಡು ದಾರಿಗಳಾದರೂ ತೆರೆದಿರಬೇಕು. ಮೊದಲನೆಯ ದಾರಿಯೇ ಇಲ್ಲದ ಸೀಮೆಯಲ್ಲಿ ಎರಡನೆಯದರ ಸ್ಥಾನವೇನು? ಈ ಪ್ರಶ್ನೆಗೆ ಭಾವಾವೇಶವಿಲ್ಲದೆ ಉತ್ತರ ಹುಡುಕಬೇಕಾಗಿದೆ.

ಮೊದಲು ಈ ತಂತ್ರಜ್ಞಾನವನ್ನು ನೋಡೋಣ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರನ್ನು ಬೆಳಗಿಸಿದರು. ಶಸ್ತ್ರಚಿಕಿತ್ಸೆಗೆ ಬಹುವಾಗಿ ಬಳಕೆಯಾಗುವ ಇಂಗಾಲದ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ರೂಪಿಸಿದವರು ಬೆಲ್ ಪ್ರಯೋಗಾಲಯದಲ್ಲಿದ್ದ ಸಿ. ಕುಮಾರ್ ಎನ್. ಪಟೇಲ್. ಇವರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಈ ಲೇಸರಿನ ಕಿರಣದ ತರಂಗಾಂತರ 10.6 ಮೈಕ್ರಾನ್. ಈ ಅಳತೆಯ ಬೆಳಕನ್ನು ನೀರು ಬಲುಬೇಗ ಹೀರಿಕೊಳ್ಳುತ್ತದೆ. ಪ್ರಾಣಿಗಳ ಮೃದು ಅಂಗಾಂಶದಲ್ಲಿ ಹೆಚ್ಚಿನ ಭಾಗ ನೀರೇ ಆಗಿರುವುದರಿಂದ ಕಿರಣ ಬಿದ್ದ ಜಾಗದ ಜೀವಕೋಶಗಳು ಕ್ಷಣಮಾತ್ರದಲ್ಲಿ ಆವಿಯಾಗುತ್ತವೆ. ಕತ್ತರಿಸುವ ಕೆಲಸ ನಡೆಯುತ್ತಿರುವಾಗಲೇ ಸಣ್ಣ ರಕ್ತನಾಳಗಳ ಬಾಯಿ ಮುಚ್ಚುತ್ತದೆ, ರಕ್ತಸ್ರಾವ ಕಡಿಮೆಯಾಗುತ್ತದೆ. ದುಗ್ಧನಾಳಗಳೂ ಮುಚ್ಚುವುದರಿಂದ ಬಾವು ಕಡಿಮೆ. ಇನ್ನೊಂದು ಬಗೆಯಾದ ಡಯೋಡ್ ಲೇಸರಿನ ಕಿರಣವನ್ನು ತೆಳುವಾದ ಗಾಜಿನ ತಂತುವಿನ ಮೂಲಕ ಹಾಯಿಸಬಹುದು. ಹೀಗಾಗಿ ಎಂಡೋಸ್ಕೋಪಿನ ಜೊತೆ ದೇಹದ ಒಳಭಾಗಕ್ಕೂ ಅದನ್ನು ತಲುಪಿಸಲು ಸಾಧ್ಯ.

ಹೀಗಿರುವಾಗ ಲೇಸರ್ ನಿಜವಾಗಿಯೂ ಉಪಕಾರಿಯಾಗುವ ಸಂದರ್ಭಗಳಿವೆ. ಗಂಟಲು, ಒಸಡು, ನಾಲಿಗೆಗಳಂಥ ರಕ್ತಪುಷ್ಟ ಭಾಗಗಳಲ್ಲಿ, ಕಣ್ಣಿನ ರೆಪ್ಪೆಯ ಅಂಚಿನ ಸಣ್ಣ ಗಂಟುಗಳಲ್ಲಿ, ಮೂಗಿನ ಹೊಳ್ಳೆ ಅಗಲಿಸುವಲ್ಲಿ, ಕಣ್ಣಿನ ಒತ್ತಡದ ಕಾಯಿಲೆಯಾದ ಗ್ಲಾಕೋಮಾದ ಕೆಲವು ಹಂತಗಳಲ್ಲಿ ಅದರ ಪ್ರಯೋಜನ ಸ್ಪಷ್ಟ. ಮಗಳ ಮನೆಯ ಪಗ್ ನಾಯಿಗೆ ಅದು ತಕ್ಕ ಆಯ್ಕೆಯೇ ಆಗಿತ್ತು. ಇದೇ ಪಗ್ ತಳಿ ನಮ್ಮ ನಗರಗಳಲ್ಲಿ ಜನಪ್ರಿಯವಾಗಲು 2003ರಲ್ಲಿ ಬಂದ ಒಂದು ಮೊಬೈಲ್ ಕಂಪನಿಯ ಜಾಹೀರಾತು ಬಹುಮಟ್ಟಿಗೆ ಕಾರಣವಾಯಿತು. ಚಪ್ಪಟೆ ಮುಖದ, ಗಿಡ್ಡ ಮೂಗಿನ ಈ ತಳಿಯನ್ನು ಮನುಷ್ಯನೇ ತನ್ನ ಕಣ್ಣಿನ ಸಂತೋಷಕ್ಕಾಗಿ ರೂಪಿಸಿದ್ದಾನೆ. ಅದರ ಉಸಿರಾಟದ ತೊಂದರೆ ಆ ರೂಪದ ಜೊತೆಗೇ ಬಂದ ಶಾಪ. ನಾವೇ ಮಾಡಿದ ಕೇಡನ್ನು ನಾವೇ ಹಣ ತೆತ್ತು ಸರಿಪಡಿಸುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಲೇಸರಿಗೆ ಮಿತಿಗಳೂ ಇವೆ. ಮೊದಲನೆಯದಾಗಿ, ಅದು ಅರಿವಳಿಕೆಗೆ ಪರ್ಯಾಯವಲ್ಲ. ಪ್ರಾಣಿ ಅಲುಗಾಡದಂತೆ ಮಲಗಬೇಕಾದರೆ ಚಾಕುವಿಗೆ ಬೇಕಾದಷ್ಟೇ ಅರಿವಳಿಕೆ ಲೇಸರಿಗೂ ಬೇಕು. ಎರಡನೆಯದಾಗಿ, ದೊಡ್ಡ ರಕ್ತನಾಳವನ್ನು ಅದು ಮುಚ್ಚಲಾರದು, ಅಲ್ಲಿ ದಾರದ ಗಂಟೇ ಗತಿ. ಮೂರನೆಯದಾಗಿ, ಶಾಖ ಹೆಚ್ಚಾದರೆ ಸುತ್ತಲಿನ ಆರೋಗ್ಯವಂತ ಅಂಗಾಂಶವೂ ಸುಟ್ಟು ಗಾಯ ಮಾಯುವುದು ತಡವಾಗುತ್ತದೆ. ಕಿರಣ ತಪ್ಪಿ ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಅರಿವಳಿಕೆಯ ಜೊತೆ ಕೊಡುವ ಆಮ್ಲಜನಕ ಇರುವೆಡೆ ಬೆಂಕಿಯ ಭಯ. ಏಳುವ ಹೊಗೆಯನ್ನು ಹೀರುವ ಯಂತ್ರ, ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕ, ಒದ್ದೆ ಬಟ್ಟೆ, ತರಬೇತಿ ಪಡೆದ ಕೈ, ಇವಿಷ್ಟೂ ಇಲ್ಲದೆ ಲೇಸರ್ ಹಿಡಿಯುವುದು ಅವಿವೇಕ. ಇನ್ನು ‘ಶೀತ ಲೇಸರ್’ ಎಂಬ ಹೆಸರಿನಲ್ಲಿ ಕೀಲುನೋವಿಗೆ ನೀಡುವ ಚಿಕಿತ್ಸೆಯೇ ಬೇರೆ. ಅದು ಏನನ್ನೂ ಕತ್ತರಿಸುವುದಿಲ್ಲ. ಎರಡಕ್ಕೂ ಲೇಸರ್ ಎಂಬ ಹೆಸರಿರುವುದರಿಂದ ಒಂದರ ಕೀರ್ತಿಯಲ್ಲಿ ಇನ್ನೊಂದು ಮಾರಾಟವಾಗುವ ಸಂಭವವಿದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲೊಂದು ಹಳೆಯ ಪಾಠ ನೆನಪಾಗುತ್ತದೆ. ಕೆನೆತ್ ಆ್ಯರೋ 1963ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ, ವೈದ್ಯಕೀಯ ಸೇವೆಯ ಮಾರುಕಟ್ಟೆ ತರಕಾರಿ ಮಾರುಕಟ್ಟೆಯಂತೆ ಏಕೆ ನಡೆಯುವುದಿಲ್ಲ ಎಂಬುದನ್ನು ವಿವರಿಸಿದ್ದರು. ಏನು ಬೇಕು ಎಂಬುದು ಕೊಳ್ಳುವವನಿಗಿಂತ ಮಾರುವವನಿಗೇ ಹೆಚ್ಚು ಗೊತ್ತಿರುತ್ತದೆ ಎಂಬುದು ಅದರ ತಿರುಳುಗಳಲ್ಲೊಂದು. ಪಶುವೈದ್ಯದಲ್ಲಿ ಈ ಅಂತರ ಇಮ್ಮಡಿಯಾಗುತ್ತದೆ. ಏಕೆಂದರೆ ನೋವು ಅನುಭವಿಸುವುದು ಒಂದು ಜೀವ, ಹಣ ಕೊಡುವವರು ಇನ್ನೊಬ್ಬರು, ನಿರ್ಧಾರದ ಮಾಹಿತಿ ಇರುವುದು ಮೂರನೆಯವರ ಬಳಿ. ರೋಗಿಗೆ ಮಾತು ಬಾರದು. ಇಂಥ ಕಡೆ ‘ಲೇಸರ್’ ಎಂಬ ಪದವೊಂದೇ ಬೆಲೆಯನ್ನು ಏರಿಸಬಲ್ಲುದು. ಆದುದರಿಂದ ನಾಯಿ-ಬೆಕ್ಕು ಸಾಕಿರುವ ಓದುಗರು ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದು ಲೇಸು. ಈ ನಿರ್ದಿಷ್ಟ ಶಸ್ತ್ರಚಿಕಿತ್ಸೆಯಲ್ಲಿ ಲೇಸರಿನಿಂದ ಆಗುವ ಹೆಚ್ಚಿನ ಪ್ರಯೋಜನವೇನು? ಅರಿವಳಿಕೆಯನ್ನು ಕೊಡುವವರು ಯಾರು, ಪ್ರಾಣಿ ಎಚ್ಚರಗೊಳ್ಳುವವರೆಗೆ ನೋಡಿಕೊಳ್ಳುವವರು ಯಾರು? ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸುವಿರಾ? ಶಸ್ತ್ರವೇ ಇಲ್ಲದೆ ಗುಣವಾಗುವ ದಾರಿ ಇದೆಯೇ?

ಕೊನೆಯ ಪ್ರಶ್ನೆ ಬಹಳ ಮುಖ್ಯ. ನಮ್ಮ ಬೀದಿನಾಯಿಗಳಲ್ಲಿ ಮತ್ತು ಬಿಡುಬೀಸಾಗಿ ತಿರುಗುವ ಹಳ್ಳಿಯ ನಾಯಿಗಳಲ್ಲಿ ಜನನಾಂಗದ ಮೇಲೆ ಹೂಕೋಸಿನಂತೆ ಬೆಳೆದು ರಕ್ತ ಒಸರುವ ಒಂದು ಗೆಡ್ಡೆ ಸಾಮಾನ್ಯ. ಇದು ನಾಯಿಯಿಂದ ನಾಯಿಗೆ ಕೂಡುವಿಕೆಯಲ್ಲಿ ಅಂಟುವ ಅರ್ಬುದ. ನೋಡಿದವರಿಗೆ ಕತ್ತರಿಸಿ ತೆಗೆಯಬೇಕೆನಿಸುತ್ತದೆ. ಆದರೆ ವಿನ್‌ಕ್ರಿಸ್ಟಿನ್ ಎಂಬ ಔಷಧಿಯನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ನಾಯಿಗಳಲ್ಲಿ ಅದು ಕರಗಿಹೋಗುತ್ತದೆ. ಚಾಕುವೂ ಬೇಡ, ಕಿರಣವೂ ಬೇಡ. ಬೇಕಾದದ್ದು ಔಷಧಿ, ಅದನ್ನು ಎಚ್ಚರದಿಂದ ಕೊಡಬಲ್ಲ ವೈದ್ಯ ಮತ್ತು ಅದೇ ನಾಯಿಯನ್ನು ಮತ್ತೆ ಮತ್ತೆ ಕರೆತರುವ ಯಾರಾದರೊಬ್ಬರು.

ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಕಡೆಗೆ ಬರೋಣ. ಹೊಸಪೇಟೆಯೊಂದನ್ನು ಬಿಟ್ಟರೆ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆ ಎಂದರೆ ಈ ಐದು ತಾಲ್ಲೂಕುಗಳೇ. ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಿಂದ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಸೀಮೆ ಇದು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, ಕಡೆಗೆ ವಿಜಯನಗರಕ್ಕೆ ಬಂದು ನಿಂತಿತು. ಒಂದು ತಾಲ್ಲೂಕಿನ ಕಡತಗಳು ಕಾಲು ಶತಮಾನದೊಳಗೆ ಮೂರು ಬಾರಿ ಜಿಲ್ಲಾ ಕೇಂದ್ರ ಬದಲಿಸಿದರೆ ಇಲಾಖೆಗಳ ಕೆಲಸದ ಗತಿ ಏನಾಗುತ್ತದೆ ಎಂಬುದು ಆಡಳಿತದಲ್ಲಿದ್ದವರಿಗೆ ತಿಳಿದ ವಿಷಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಕೂಡ್ಲಿಗಿ ಮತ್ತು ಹರಪನಹಳ್ಳಿಗಳನ್ನು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು.

ತುಂಗಭದ್ರೆಯ ಅಂಚನ್ನು ಬಿಟ್ಟರೆ ಇದು ಬಹುತೇಕ ಮಳೆಯಾಶ್ರಿತ ಭೂಮಿ. ಮಳೆ ಕೈಕೊಟ್ಟ ವರ್ಷ ಸಂಸಾರವನ್ನು ಹಿಡಿದು ನಿಲ್ಲಿಸುವುದು ಹಟ್ಟಿಯ ಕುರಿ ಮತ್ತು ಕೊಟ್ಟಿಗೆಯ ದನ. 2019ರ 20ನೆಯ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿರುವ ಕುರಿಗಳ ಸಂಖ್ಯೆ ಸುಮಾರು 1.1 ಕೋಟಿ. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರ ದೇಶದಲ್ಲಿ ನಮ್ಮದು ಮೂರನೆಯ ಸ್ಥಾನ. ‘ಬಳ್ಳಾರಿ’ ಎಂಬ ಹೆಸರಿನ ಕುರಿತಳಿಯೇ ಇದೆ. ಈ ಸಂಪತ್ತಿನ ಕಾವಲುಗಾರನೇ ಕುರಿಹಟ್ಟಿಯ ನಾಯಿ. ಅದಕ್ಕೆ ಸಂಬಳವಿಲ್ಲ, ಯಾವ ಯೋಜನೆಯ ಪಟ್ಟಿಯಲ್ಲಿಯೂ ಅದರ ಹೆಸರಿಲ್ಲ.

ಪ್ರಾಣಿಪ್ರೀತಿ ಎಂಬುದು ನಗರದ ಮಧ್ಯಮವರ್ಗದ ಹೊಸ ಹವ್ಯಾಸ, ಹಳ್ಳಿಯವರಿಗೆ ಪ್ರಾಣಿ ಎಂದರೆ ಕೇವಲ ಆದಾಯ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಈ ಸೀಮೆಯನ್ನು ಕಂಡವರು ಹಾಗೆ ಹೇಳಲಾರರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಜನ ಕಾರ್ಣಿಕದ ನುಡಿಗಾಗಿ ಕಾಯುತ್ತಾರೆ. ಮೈಲಾರಲಿಂಗನ ಒಕ್ಕಲಾದ ಗೊರವರು ತಮ್ಮನ್ನು ದೇವರ ನಾಯಿಗಳೆಂದೇ ಭಾವಿಸಿ, ದೋಣಿ ಸೇವೆಯಲ್ಲಿ ಬೊಗಳುತ್ತ ಪ್ರಸಾದ ಸ್ವೀಕರಿಸುತ್ತಾರೆ. ನಾಯಿಯ ನಿಷ್ಠೆಯನ್ನು ಭಕ್ತಿಯ ಪರಮಾವಧಿಯಾಗಿ ಕಂಡ ಸಂಸ್ಕೃತಿ ಇದು. ಕೂಡ್ಲಿಗಿ ಸೀಮೆಯ ಮ್ಯಾಸಬೇಡರಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಎತ್ತುಗಳ ಹಿಂಡುಗಳಿವೆ. ಅವುಗಳನ್ನು ಕಾಯಲೆಂದೇ ಕಿಲಾರಿಗಳಿದ್ದಾರೆ. ಆ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ. ಲಾಭದ ಲೆಕ್ಕಕ್ಕೆ ಸಿಗದ ಸಂಬಂಧ ಇಲ್ಲಿ ಹಿಂದಿನಿಂದಲೂ ಇದೆ. ಇಲ್ಲಿನವರಿಗೆ ಪ್ರೀತಿಯ ಕೊರತೆ ಇಲ್ಲ, ಆ ಪ್ರೀತಿಗೆ ತಕ್ಕ ಶುಶ್ರೂಷೆ ಕೈಗೆಟುಕುವ ದೂರದಲ್ಲಿ ಇಲ್ಲ.

ಇಲ್ಲಿ ಬೇಕಾಗುವ ಶಸ್ತ್ರಚಿಕಿತ್ಸೆಗಳಾದರೂ ಯಾವುವು? ಪ್ಲಾಸ್ಟಿಕ್ ಚೀಲ, ತಂತಿಯ ಚೂರು ನುಂಗಿದ ಹಸುವಿನ ಹೊಟ್ಟೆ ತೆರೆದು ತೆಗೆಯುವುದು. ಕರು ಅಡ್ಡ ಸಿಕ್ಕಿಕೊಂಡಾಗ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುವುದು. ಎತ್ತುಗಳಿಗೆ ಬರುವ ಕೊಂಬಿನ ಕ್ಯಾನ್ಸರಿಗೆ ಕೊಂಬನ್ನು ಬುಡಸಹಿತ ತೆಗೆಯುವುದು. ಹಂದಿ, ಕರಡಿ, ವಾಹನಗಳಿಂದಾದ ಗಾಯಗಳನ್ನು ಶುಚಿಗೊಳಿಸಿ ಹೊಲಿಯುವುದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇರುವಾಗ ಗಾಯಗಳೇನೂ ಅಪರೂಪವಲ್ಲ. ಇವುಗಳಲ್ಲಿ ಹಸು-ಎತ್ತುಗಳ ಬಹುಪಾಲು ಶಸ್ತ್ರಚಿಕಿತ್ಸೆಗಳನ್ನು ನುರಿತ ವೈದ್ಯರು ಸ್ಥಳೀಯ ಅರಿವಳಿಕೆಯಲ್ಲಿ, ಪ್ರಾಣಿ ನಿಂತಿರುವಾಗಲೇ ಮಾಡಿ ಮುಗಿಸುತ್ತಾರೆ. ಇಲ್ಲೆಲ್ಲಾ ಲೇಸರಿಗೆ ಹೇಳಿಕೊಳ್ಳುವಂಥ ಪಾತ್ರವಿಲ್ಲ. ರಕ್ತವಿಲ್ಲದ ಶಸ್ತ್ರಚಿಕಿತ್ಸೆ ಎಂಬುದೂ ಹಳ್ಳಿಯ ಪಶುವೈದ್ಯರಿಗೆ ಹೊಸದೇನಲ್ಲ. ಹೋರಿಗಳ ಬೀಜ ಒಡೆಯಲು ಬಳಸುವ ಬರ್ಡಿಜೋ ಇಕ್ಕಳ ಇಟಲಿಯಿಂದ ಬಂದ ಸಾಧನ. ಚರ್ಮವನ್ನು ಕೊಯ್ಯದೆ ಒಳಗಿನ ನಾಳವನ್ನಷ್ಟೇ ಅದು ಜಜ್ಜುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ಕನ್ನಡಕವೂ ಬೇಡ.

ನಾಯಿಯ ಆರೋಗ್ಯಕ್ಕೂ ಕುರಿಗಾರನ ಆದಾಯಕ್ಕೂ ಇರುವ ನಂಟಿಗೆ ಒಂದು ಉದಾಹರಣೆ ಕೊಡುತ್ತೇನೆ. ಕುರಿ ತಲೆ ಓರೆ ಮಾಡಿಕೊಂಡು ಸುತ್ತುಸುತ್ತಾಗಿ ತಿರುಗಿ ಕಡೆಗೆ ಬಿದ್ದು ಸಾಯುವ ರೋಗವೊಂದಿದೆ. ಮಿದುಳಿನಲ್ಲಿ ನೀರುಗುಳ್ಳೆ ಬೆಳೆಯುವುದು ಇದಕ್ಕೆ ಕಾರಣ. ಆ ಗುಳ್ಳೆ ನಾಯಿಯ ಕರುಳಿನಲ್ಲಿ ಬಾಳುವ ಲಾಡಿಹುಳುವಿನ ಮರಿರೂಪ. ಸತ್ತ ಕುರಿಯ ತಲೆಯನ್ನು ನಾಯಿ ತಿನ್ನುತ್ತದೆ, ನಾಯಿಯ ಮಲದಿಂದ ಮೊಟ್ಟೆಗಳು ಹುಲ್ಲಿಗೆ ಸೇರುತ್ತವೆ, ಹುಲ್ಲಿನಿಂದ ಮತ್ತೆ ಕುರಿಗೆ. ತಲೆಬುರುಡೆ ಕೊರೆದು ಗುಳ್ಳೆ ತೆಗೆಯುವ ಶಸ್ತ್ರಚಿಕಿತ್ಸೆ ಪಠ್ಯಪುಸ್ತಕದಲ್ಲಿದೆ, ಹಟ್ಟಿಯಲ್ಲಿ ಅದು ನಡೆಯುವಂಥದ್ದಲ್ಲ. ಆದರೆ ಹಟ್ಟಿಯ ನಾಯಿಗಳಿಗೆ ನಿಯಮಿತವಾಗಿ ಪ್ರಾಜಿಕ್ವಾಂಟೆಲ್ ಮಾತ್ರೆ ನುಂಗಿಸಿ, ಸತ್ತ ಕುರಿಯ ತಲೆಯನ್ನು ಸುಟ್ಟರೆ ಅಥವಾ ಆಳವಾಗಿ ಹೂತರೆ ಈ ಚಕ್ರ ಮುರಿಯುತ್ತದೆ. ಕೆಲವೇ ರೂಪಾಯಿಗಳ ಮಾತ್ರೆ ಸಾವಿರಾರು ರೂಪಾಯಿಗಳ ಕುರಿಯನ್ನು ಉಳಿಸುತ್ತದೆ. ನಾಯಿಗೆ ಮಾಡುವ ವೆಚ್ಚ ಐಷಾರಾಮ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾಗುತ್ತದೆ. ತಲೆಮಾರುಗಟ್ಟಲೆ ದನಗಳನ್ನು ಕೊಂದ ದೊಡ್ಡರೋಗದಿಂದ ಭಾರತ 2006ರಲ್ಲಿ ಮುಕ್ತವಾಯಿತು. 2011ರಲ್ಲಿ ಜಗತ್ತೇ ಮುಕ್ತವಾಯಿತು. ಬಿಸಿಲಿನಲ್ಲಿ ಹಳ್ಳಿಹಳ್ಳಿ ಸುತ್ತಿ ಲಸಿಕೆ ಹಾಕಿದ ನಮ್ಮ ಪಶುವೈದ್ಯರ ಪಾಲು ಇದರಲ್ಲಿ ದೊಡ್ಡದು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗಲೂ ಓಡಾಡಿದವರು ಇದೇ ಸಿಬ್ಬಂದಿ. ಅದೇ ವರ್ಷ ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಗಳು ಕೇಂದ್ರದ ನೆರವಿನೊಂದಿಗೆ ರಸ್ತೆಗಿಳಿದವು. ಲಕ್ಷ ಜಾನುವಾರುಗಳಿಗೆ ಒಂದು ವಾಹನ ಎಂಬ ಮಾನದಂಡದಂತೆ ರಾಜ್ಯಕ್ಕೆ 275 ವಾಹನಗಳು ದೊರೆತವು. 1962ಕ್ಕೆ ಕರೆ ಮಾಡಿದರೆ ವಾಹನ ಮನೆಬಾಗಿಲಿಗೆ ಬರಬೇಕೆಂಬುದು ಆಶಯ. ಸ್ವಾಗತಾರ್ಹ ಕ್ರಮವೇ. ಆದರೆ ವಾಹನವು ಶಸ್ತ್ರಚಿಕಿತ್ಸಾಲಯವಾಗಲಾರದು. ಎದೆಗೂಡು ತೆರೆಯಬೇಕಾದ ನಾಯಿಯನ್ನು, ಮೂಳೆ ಮುರಿದ ಕರುವನ್ನು ಅದು ಎಲ್ಲಿಗಾದರೂ ತಲುಪಿಸಬೇಕು. ಆ ‘ಎಲ್ಲಿಗೆ’ ಎಂಬುದೇ ಈ ಐದು ತಾಲ್ಲೂಕುಗಳಲ್ಲಿ ಉತ್ತರವಿಲ್ಲದ ಪ್ರಶ್ನೆ.

ಐದು ಸಾವಿರ ಜಾನುವಾರು ಘಟಕಗಳಿಗೆ ಒಬ್ಬ ಪಶುವೈದ್ಯ ಇರಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಷ್ಟು ಹಿಂದೆಯೇ ಶಿಫಾರಸು ಮಾಡಿತ್ತು. ಸುಮಾರು ಐವತ್ತು ವರ್ಷಗಳ ಮೇಲೆ, 2024ರಲ್ಲಿ, ನಮ್ಮ ಲೋಕಸೇವಾ ಆಯೋಗ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಒಮ್ಮೆಲೇ ಅರ್ಜಿ ಕರೆಯಬೇಕಾಯಿತು. ಇದರಿಂದಲೇ ಕೊರತೆಯ ಆಳ ತಿಳಿಯುತ್ತದೆ. ಇದರ ಜೊತೆಗೆ ಇನ್ನೊಂದು ವೈಚಿತ್ರ್ಯವನ್ನು ಗಮನಿಸಿ. ಸತ್ತ ಕುರಿಗೆ ‘ಅನುಗ್ರಹ’ ಯೋಜನೆಯಲ್ಲಿ 5,000 ರೂಪಾಯಿ ಪರಿಹಾರ ನಿಗದಿಯಾಯಿತು. ಯೋಜನೆ ಒಳ್ಳೆಯದೇ, ಬಡ ಕುರಿಗಾರನಿಗೆ ಅದು ಆಸರೆ. ಆದರೆ ಅದೇ ಕುರಿ ಬದುಕಿರುವಾಗ ಅದನ್ನು ಶಸ್ತ್ರಚಿಕಿತ್ಸೆಗೆ ಸಾಗಿಸುವ ವೆಚ್ಚ ಕುರಿಗಾರನ ಜೇಬಿನಿಂದಲೇ ಹೋಗಬೇಕು. ಸಾವಿಗೆ ಬೆಲೆ ಕಟ್ಟುವುದು ಆಡಳಿತಕ್ಕೆ ಸುಲಭ, ಏಕೆಂದರೆ ಅದಕ್ಕೊಂದು ಪ್ರಮಾಣಪತ್ರ ಸಾಕು. ಬದುಕಿಸಲು ಸಂಸ್ಥೆ ಬೇಕು.

ಹಾಗಾದರೆ ತಾಲ್ಲೂಕಿಗೊಂದು ಲೇಸರ್ ಯಂತ್ರ ಕೊಟ್ಟರಾಯಿತೇ? ಹಿಂದುಳಿದ ಪ್ರದೇಶದ ಹೆಸರಿನಲ್ಲಿ ಯಂತ್ರ ಖರೀದಿಸುವ ಉತ್ಸಾಹ ನಮ್ಮಲ್ಲಿ ಎಂದೂ ಕಡಿಮೆ ಇಲ್ಲ. ಆದುದರಿಂದ ಒಂದು ಸಣ್ಣ ಲೆಕ್ಕ. ಯಂತ್ರ, ಹೊಗೆ ಹೀರುವ ಸಾಧನ, ಕನ್ನಡಕ ಇತ್ಯಾದಿಗಳಿಗೆ 12 ಲಕ್ಷ ರೂಪಾಯಿ, ಬಾಳಿಕೆ 8 ವರ್ಷ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಬಡ್ಡಿಯನ್ನು ಬಿಟ್ಟರೂ ವರ್ಷಕ್ಕೆ ಒಂದೂವರೆ ಲಕ್ಷ. ನಿರ್ವಹಣೆಗೆ ಅರ್ಧ ಲಕ್ಷ ಸೇರಿಸಿದರೆ ಎರಡು ಲಕ್ಷ. ವರ್ಷಕ್ಕೆ 400 ಶಸ್ತ್ರಚಿಕಿತ್ಸೆ ನಡೆಯುವ ನಗರದ ಆಸ್ಪತ್ರೆಯಲ್ಲಿ ಒಂದಕ್ಕೆ ಬೀಳುವ ಹೊರೆ 500 ರೂಪಾಯಿ. ಲೇಸರಿಗೆ ಯೋಗ್ಯವಾದ ಪ್ರಕರಣಗಳು ವರ್ಷಕ್ಕೆ 20 ಮಾತ್ರ ಬರುವ ತಾಲ್ಲೂಕಿನಲ್ಲಿ ಅದೇ ಹೊರೆ 10,000 ರೂಪಾಯಿ. ಅದನ್ನು ನಡೆಸುವ ವೈದ್ಯರಿಗೆ ವರ್ಗಾವಣೆಯಾದರೆ ಯಂತ್ರ ಬೀರುವಿನ ಪಕ್ಕದಲ್ಲಿ ಬಟ್ಟೆ ಹೊದ್ದು ಕೂರುತ್ತದೆ. ಹಾಗೆ ಕುಳಿತ ಎಕ್ಸ್-ರೇ ಯಂತ್ರಗಳನ್ನು ನನ್ನ ಸೇವಾವಧಿಯ ತಪಾಸಣೆಗಳಲ್ಲಿ ಕಂಡಿದ್ದೇನೆ. ದಾಸ್ತಾನು ಪುಸ್ತಕದಲ್ಲಿ ಅವು ಸುಸ್ಥಿತಿಯಲ್ಲಿದ್ದವು.

ಇದಕ್ಕಿಂತ ವಿವೇಕದ ದಾರಿ ಇದೆ. ಐದು ತಾಲ್ಲೂಕುಗಳಿಗೆ ಸೇರಿ ಒಂದು ಪೂರ್ಣಪ್ರಮಾಣದ ಪಶು ಶಸ್ತ್ರಚಿಕಿತ್ಸಾ ಕೇಂದ್ರ ಸ್ಥಾಪನೆಯಾಗಲಿ. ಸ್ಥಳ ಕೊಟ್ಟೂರಾಗಲಿ ಹಗರಿಬೊಮ್ಮನಹಳ್ಳಿಯಾಗಲಿ, ನಕ್ಷೆ ಮತ್ತು ರಸ್ತೆಗಳು ಅದನ್ನು ನಿರ್ಧರಿಸಲಿ. ಅಲ್ಲಿ ಶಸ್ತ್ರಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದ ಇಬ್ಬರು ವೈದ್ಯರು, ಅನಿಲ ಅರಿವಳಿಕೆ ಯಂತ್ರ, ಎಕ್ಸ್-ರೇ, ಅಲ್ಟ್ರಾಸೌಂಡ್, ದೊಡ್ಡ ಪ್ರಾಣಿಗಳಿಗೆ ತಕ್ಕ ಮೇಜು, ಅಡಚಣೆಯಿಲ್ಲದ ವಿದ್ಯುತ್ ಇರಲಿ. ಸಂಚಾರಿ ವಾಹನಗಳು ರೋಗಿಗಳನ್ನು ಅಲ್ಲಿಗೆ ತಲುಪಿಸುವ ಹೊಣೆಯನ್ನೂ ಹೊರಲಿ. ವಾರದ ಗೊತ್ತಾದ ದಿನಗಳಲ್ಲಿ ಅದೇ ತಂಡ ಉಳಿದ ತಾಲ್ಲೂಕುಗಳಲ್ಲಿ ಶಿಬಿರ ನಡೆಸಲಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿರುವ ಗದಗ ಕಾಲೇಜಿನ ವಿದ್ಯಾರ್ಥಿಗಳಿಗೆ ಇಲ್ಲಿ ತರಬೇತಿಯ ಅವಧಿ ಕಡ್ಡಾಯವಾದರೆ ಕೈಗಳೂ ದೊರೆಯುತ್ತವೆ, ಕಲಿಕೆಯೂ ಆಗುತ್ತದೆ.

ಹಣದ ಕೊರತೆಯ ನೆಪ ಇಲ್ಲಿ ನಿಲ್ಲದು. ಸಂವಿಧಾನದ 371ಜೆ ವಿಧಿಯ ಫಲವಾದ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಒದಗಿಸಲಾಗಿತ್ತು. ರಸ್ತೆ, ಕಟ್ಟಡಗಳಿಗೆ ಹೋಗುವ ಮೊತ್ತದ ಒಂದು ಸಣ್ಣ ಅಂಶ ಇದಕ್ಕೆ ಸಾಕು. ಶುಲ್ಕದ ವಿಷಯದಲ್ಲಿ ನಾನು ಉದಾರಿಯಲ್ಲ. ಪಗ್, ಲ್ಯಾಬ್ರಡಾರ್, ಪರ್ಷಿಯನ್ ಬೆಕ್ಕು ಸಾಕುವವರು ಕೊಟ್ಟೂರಿನಲ್ಲಿಯೂ ಹರಪನಹಳ್ಳಿಯಲ್ಲಿಯೂ ಈಗ ಸಾಕಷ್ಟಿದ್ದಾರೆ. ಅವರಿಂದ ಪೂರ್ಣ ವೆಚ್ಚ ವಸೂಲಾಗಲಿ. ಇಂದು ಅವರು ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಲು ಮಾಡುವ ಖರ್ಚಿಗಿಂತ ಅದು ಕಡಿಮೆಯೇ ಆದೀತು. ಆ ಹಣದಿಂದ ರೈತನ ಹಸು, ಕುರಿಗಾರನ ಕುರಿ ಮತ್ತು ಅವನ ನಾಯಿಯ ಚಿಕಿತ್ಸೆಗೆ ನೆರವಾಗಲಿ. ಇಂಥ ಕೇಂದ್ರ ಮೂರು-ನಾಲ್ಕು ವರ್ಷ ಚೆನ್ನಾಗಿ ನಡೆದು, ಬಾಯಿ-ಕಣ್ಣುಗಳ ಸೂಕ್ಷ್ಮ ಪ್ರಕರಣಗಳ ಸಂಖ್ಯೆ ಸಾಕಷ್ಟಿದೆಯೆಂದು ದಾಖಲೆಗಳೇ ಹೇಳಿದರೆ, ಆಗ ಒಂದು ಡಯೋಡ್ ಲೇಸರ್ ಕೊಳ್ಳಲಿ. ಖರೀದಿಯ ಪಟ್ಟಿಯಲ್ಲಿ ಅದರ ಸ್ಥಾನ ಮೊದಲನೆಯದಲ್ಲ, ಕಡೆಯದು.

ಮನುಷ್ಯರಿಗೇ ತಜ್ಞವೈದ್ಯರಿಲ್ಲದ ತಾಲ್ಲೂಕುಗಳಲ್ಲಿ ನಾಯಿಗೇಕೆ ಇಷ್ಟು ಚಿಂತೆ ಎಂದು ಕೆಲವರು ಕೇಳಬಹುದು. ಆಕ್ಷೇಪ ಹಗುರವಾದುದಲ್ಲ. ಆದರೆ ಪಶುವೈದ್ಯರ ಹುದ್ದೆ ತುಂಬುವುದರಿಂದ ಜನರ ಆಸ್ಪತ್ರೆಯ ಹುದ್ದೆ ಖಾಲಿಯಾಗುವುದಿಲ್ಲ. ಎರಡೂ ಖಾಲಿ ಇರುವುದಕ್ಕೆ ಕಾರಣ ಒಂದೇ: ದೂರದ ತಾಲ್ಲೂಕುಗಳಲ್ಲಿ ನಿಂತು ಕೆಲಸ ಮಾಡುವವರಿಗೆ ವಸತಿ, ಸಲಕರಣೆ, ವೃತ್ತಿಗೌರವ ದೊರೆಯುವ ವ್ಯವಸ್ಥೆಯನ್ನು ನಾವು ಕಟ್ಟಿಲ್ಲ. ಅಲ್ಲದೆ, ಬರಗಾಲದ ಸೀಮೆಯಲ್ಲಿ ಜಾನುವಾರಿನ ಆರೋಗ್ಯವೆಂದರೆ ಮನೆಮಂದಿಯ ಊಟ, ಮಗಳ ಶಾಲೆಯ ಶುಲ್ಕ. ಹುಚ್ಚುನಾಯಿ ರೋಗದ ತಡೆಯಂತೂ ನೇರವಾಗಿ ಮನುಷ್ಯನ ಪ್ರಾಣದ ಪ್ರಶ್ನೆ. ನಾಯಿಗಳಿಗೆ ಲಸಿಕೆ ಹಾಕುವ, ಸಂತಾನಹರಣ ಮಾಡುವ ಶಸ್ತ್ರಚಿಕಿತ್ಸಾ ಕೊಠಡಿಯೂ ಇದೇ ಕೇಂದ್ರದಲ್ಲಿ ಇರಬಲ್ಲುದು.

ಖಾಸಗಿಯವರು ಬರುತ್ತಾರೆ, ಸರ್ಕಾರಕ್ಕೇಕೆ ಈ ಉಸಾಬರಿ ಎಂಬ ವಾದವೂ ಇದೆ. ಖಾಸಗಿಯವರು ಹಣ ಇರುವಲ್ಲಿಗೆ ಬರುತ್ತಾರೆ, ಅದು ತಪ್ಪಲ್ಲ. ಕುರಿಗಾರನ ನಾಯಿಗೆ ಮಾತ್ರೆ ನುಂಗಿಸಿದರೆ ಲಾಭ ಪಡೆಯುವುದು ಆ ಮೇವಿನ ಮೈದಾನದಲ್ಲಿ ಮೇಯುವ ಎಲ್ಲರ ಕುರಿಗಳು. ಇಂಥ ಹಂಚಿಹೋಗುವ ಲಾಭಕ್ಕೆ ಬಿಲ್ಲು ಬರೆಯುವುದು ಯಾವ ಖಾಸಗಿ ಆಸ್ಪತ್ರೆಗೂ ಸಾಧ್ಯವಿಲ್ಲ. ಸರ್ಕಾರಗಳು ಇರುವುದೇ ಇಂಥ ಕೆಲಸಗಳಿಗಾಗಿ.

ಮಗಳ ಮನೆಯ ಪಗ್ ಈಗ ಸುಖವಾಗಿ ಉಸಿರಾಡುತ್ತಿದೆ. ಅದಕ್ಕಾಗಿ ಅವಳು ಖರ್ಚು ಮಾಡಿದ ಹಣವನ್ನು ನಾನು ಆಕ್ಷೇಪಿಸುವುದಿಲ್ಲ. ಇತ್ತ, ಮುಂಗಾರಿನ ಮುನ್ನ ಅದೇ ಕುರಿಗಾರ ನಮ್ಮ ಹೊಲಕ್ಕೆ ಮತ್ತೆ ಬಂದಿದ್ದ. ಜೊತೆಯಲ್ಲೊಂದು ಎಳೆಯ ನಾಯಿ ಇತ್ತು. ಹಳೆಯದರ ಮರಿಯೇ ಎಂದ. ಹಂದಿಯ ಕಾಟದ ಬಗ್ಗೆ ಕೇಳಿದೆ. ಇದೆ, ಆದರೆ ಇದನ್ನು ರಾತ್ರಿ ಕಟ್ಟಿಹಾಕುತ್ತೇನೆ ಎಂದ. ಕಾವಲಿಗೆಂದು ಸಾಕಿದ ನಾಯಿಯನ್ನು ರಾತ್ರಿಯೇ ಕಟ್ಟಿಹಾಕಿದರೆ ಕುರಿಗಳನ್ನು ಕಾಯುವವರು ಯಾರು ಎಂದೆ. ಅವನು ತನ್ನ ಕೋಲನ್ನು ತೋರಿಸಿ, ನಾನೇ ಎದ್ದಿರುತ್ತೇನೆ ಎಂದ.